ಆರು ಇಪ್ಪತ್ತೈದರ ಬಸ್ಸು

ಟೀ ಎಲೆ ತೂಗುವ ಶೆಡ್ಡಿನ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಚಕ್ರ ಚರಂಡಿಗೆ ಇಳಿಯಬಹುದಿತ್ತು. ನವೆಂಬರ್ ಮಳೆಗೆ ನೆನೆದ ದಿಬ್ಬ ಜರುಗಿ ರಸ್ತೆ ಮುಚ್ಚಬಹುದಿತ್ತು. ಸಿಲ್ವರ್ ಓಕ್ ಮರವೊಂದು ಇಷ್ಟು ವರ್ಷ ನಿಂತದ್ದು ಸಾಕೆನಿಸಿ ಅಡ್ಡ ಮಲಗಬಹುದಿತ್ತು. ಕಾಟಿಗಳ, ಅಂದರೆ ಕಾಡುಕೋಣಗಳ, ಹಿಂಡು ಟೀ ತೋಟದಿಂದ ಇಳಿದು ತಿರುವಿನಲ್ಲಿ ನಿಂತು, ಊಟದ ನಂತರದ ಗುಮಾಸ್ತರ ಹಾಗೆ ನಿಧಾನವಾಗಿ ಮೆಲುಕು ಹಾಕಬಹುದಿತ್ತು. ಚಳಿಗೆ ಇಂಜಿನ್ ಏಳದೆ ಹೋಗಬಹುದಿತ್ತು. ಡ್ರೈವರಿಗೆ ಜ್ವರ ಬರಬಹುದಿತ್ತು. ಅವನಿಗೆ ಬರದಿದ್ದರೆ ಕಂಡಕ್ಟರಿಗೆ ಬರಬಹುದಿತ್ತು. ಟಿಕೆಟ್ ಮಷಿನ್ ಹೊಸ ರೂಟನ್ನು ಒಪ್ಪದೆ ಹಳೇ ರೂಟಿನ ಚೀಟಿಯನ್ನೇ ಉಗುಳಬಹುದಿತ್ತು. ಯಾರೋ ಪ್ರವಾಸಿಗರು ಬಸ್ಸು ತಿರುಗಿಸುವ ಜಾಗದಲ್ಲೇ ಕಾರು ನಿಲ್ಲಿಸಿ, ಗಾಜು ಏರಿಸಿ, ಒಳಗೆ ಗೊರಕೆ ಹೊಡೆಯುತ್ತಿರಬಹುದಿತ್ತು. ಬ್ರ್ಯಾಂಚ್ ಮ್ಯಾನೇಜರ್ ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸಬಹುದಿತ್ತು.

ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನ ಎಡ ಪುಟದಲ್ಲಿ ಬರೆದು, ಬಲ ಪುಟದಲ್ಲಿ ಒಂದೊಂದಕ್ಕೂ ಪರಿಹಾರ ಬರೆದಿದ್ದೆ. ಆ ನೋಟ್‌ಬುಕ್ಕಿಗೆ ನನ್ನ ಹೆಂಡತಿ 'ಅಪಶಕುನದ ಪಂಚಾಂಗ' ಎಂದು ಹೆಸರಿಟ್ಟಿದ್ದಾಳೆ. ಮದುವೆಯಾದ ಹೊಸದರಲ್ಲಿ ಅವಳು ಇದಕ್ಕೆಲ್ಲ ನಗುತ್ತಿದ್ದಳು. ಈಗ ಪುಟ ತುಂಬಿತೇ ಎಂದು ಮಾತ್ರ ಕೇಳುತ್ತಾಳೆ.

ಊಟಿಯ ಒಂದು ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವುದು ನನ್ನ ಕೆಲಸ. ಯಾವ ಬಸ್ಸು ಎಷ್ಟಕ್ಕೆ ಹೊರಟು ಯಾವ ಹಟ್ಟಿಗೆ ಹೋಗಿ ಎಷ್ಟಕ್ಕೆ ಮರಳಬೇಕೆಂದು ಕುರ್ಚಿಯಲ್ಲಿ ಕೂತು ತೀರ್ಮಾನಿಸುತ್ತೇನೆ. ಕುರ್ಚಿಯಲ್ಲೇ ಕೂರುವುದಕ್ಕೆ ಕಾರಣವಿದೆ. ಘಾಟಿ ರಸ್ತೆಯ ಎರಡನೇ ತಿರುವು ದಾಟುವಷ್ಟರಲ್ಲಿ ನನಗೆ ವಾಂತಿ ಬರುತ್ತದೆ. ಅನಿವಾರ್ಯವಾಗಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಹಿಡಿದುಕೊಳ್ಳುತ್ತೇನೆ. ಡಿಪೋದಲ್ಲಿ ನನ್ನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ಉಳಿದಂತೆ ನಾನು 'ನಿಂಬೆಹಣ್ಣು ಸಾರ್'.

ಆ ನವೆಂಬರ್‌ನಲ್ಲಿ ನಮ್ಮ ಒಂದು ಹಳೇ ಬಸ್ಸು ಫಿಟ್ನೆಸ್ ಪರೀಕ್ಷೆಗೆ ಹೋದದ್ದು ವಾಪಸು ಬರಲಿಲ್ಲ. ಬದಲಿ ಬಸ್ಸು ಬರುತ್ತದೆ ಎಂದರು. ಬದಲಿ ಬಸ್ಸುಗಳು ಬರುವ ರೀತಿ ನನಗೆ ಗೊತ್ತು. ಬ್ರ್ಯಾಂಚ್ ಮ್ಯಾನೇಜರ್ ನನ್ನನ್ನು ಕರೆದು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಒಂದು ಬೆಳಗಿನ ಟ್ರಿಪ್ಪು ಸಾಯಬೇಕು. ಯಾವುದು ಅಂತ ನೀನೇ ಹೇಳು. ನಾಳೆ ಸಂಜೆಯೊಳಗೆ."

ಸಾಯಿಸುವುದಕ್ಕೆ ಒಂದು ಕ್ರಮವಿದೆ. ಕೆಲವು ವಾರಗಳ ಟ್ರಿಪ್ ಶೀಟುಗಳನ್ನು ಹರಡಿಕೊಂಡು, ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಗುರುತು ಹಾಕಬೇಕು. ಹೆಂಗಸರಿಗೆ ಪ್ರಯಾಣ ಉಚಿತ. ಆದರೂ ಅವರಿಗೆ ಮಷಿನ್‌ನಿಂದ ಒಂದು ಚೀಟಿ ಹರಿದು ಕೊಡುತ್ತಾರೆ. ಅವರು ಇದ್ದರು ಎನ್ನುವುದಕ್ಕೆ ನಮ್ಮಲ್ಲಿರುವ ಸಾಕ್ಷಿ ಆ ಚೀಟಿ ಒಂದೇ. ಹೀಗೆ ಗುರುತು ಹಾಕುತ್ತ ಹೋದಾಗ ಎಲ್ಲಕ್ಕಿಂತ ಬಡಕಲಾಗಿ ಕಂಡದ್ದು ಆರು ಇಪ್ಪತ್ತೈದರ ಹಟ್ಟಿ ಬಸ್ಸು.

ಹಟ್ಟಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ನನ್ನನ್ನು ಮನೆಗೆ ಕರೆದು ಕಾಫಿ ಕೊಡುತ್ತಾರೆ. ಬೈಸಿಕೊಳ್ಳುವುದಕ್ಕಿಂತ ಅದು ಕಷ್ಟ. ಒಂದು ಕಣಿವೆ, ಅದರ ಎರಡು ಮಗ್ಗುಲು ಎಂದುಕೊಳ್ಳಿ. ಬಸ್ಸು ಊಟಿಯಿಂದ ಐದು ಇಪ್ಪತ್ತೈದಕ್ಕೆ ಹೊರಟು ಆಚೆ ಮಗ್ಗುಲಲ್ಲಿ ಇಳಿಯುತ್ತದೆ. ತಳದಲ್ಲಿ ಹಳ್ಳದ ಸೇತುವೆ, ಒಂದು ಟೀ ಫ್ಯಾಕ್ಟರಿ. ಅಲ್ಲಿ ಹತ್ತು ನಿಮಿಷ ನಿಂತು, ಈಚೆ ಮಗ್ಗುಲನ್ನು ಹತ್ತಿ, ಹಟ್ಟಿಯ ಸ್ಟಾಪಿಗೆ ಆರು ಇಪ್ಪತ್ತೈದಕ್ಕೆ ಬಂದು, ಅಲ್ಲಿಂದ ಮೇಲೆ ಹೆದ್ದಾರಿ ಸೇರಿ ಅರವಂಕಾಡಿನ ಕಡೆ ಹೋಗುತ್ತದೆ. ಹಟ್ಟಿಯ ಮನೆಗಳಿರುವುದು ರಸ್ತೆಗಿಂತ ಬಹಳ ಮೇಲೆ. ಟೀ ಗಿಡಗಳ ನಡುವೆ ಕಾಲು ಗಂಟೆ ಮೆಟ್ಟಿಲಿಳಿದು ಸ್ಟಾಪಿಗೆ ಬರಬೇಕು. ಹಟ್ಟಿಯಲ್ಲಿ ಏಳೆಂಟು ಜನ ಹತ್ತುತ್ತಿದ್ದರು. ಆಚೆ ಮಗ್ಗುಲಲ್ಲಿ, ಫ್ಯಾಕ್ಟರಿಯಲ್ಲಿ, ಆ ಹೊತ್ತಿಗೆ ಒಬ್ಬರೂ ಇಲ್ಲ.

ಈ ಟ್ರಿಪ್ಪು ಎಂದು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಮರುದಿನ ಹನ್ನೊಂದು ಗಂಟೆಗೆ, ತಲೆಗೆ ಬಿಳಿ ವಸ್ತ್ರ ಕಟ್ಟಿ, ಮೇಲೊಂದು ಮೆರೂನ್ ಸ್ವೆಟರ್ ಹಾಕಿಕೊಂಡ, ನನಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ಹೆಂಗಸೊಬ್ಬರು ನನ್ನ ಮೇಜಿನ ಮುಂದೆ ನಿಂತಿದ್ದರು. ಅವರದು ನೀಲಗಿರಿಯ ಬಡಗರ ಮಾತು, ನನ್ನ ಕನ್ನಡಕ್ಕೆ ಹತ್ತಿರದ್ದು. ನನ್ನ ಕಿವಿಗೆ ಬಿದ್ದಂತೆ ಬರೆಯುತ್ತೇನೆ.

"ನಮ್ಮ ಬಸ್ ತೆಗೀತೀರಂತೆ?"

"ಯಾರಕ್ಕ ಹೇಳಿದ್ದು?"

"ಬಸ್ಸಲ್ಲೇ ಹೇಳಿದ್ರು."

ಕಂಡಕ್ಟರ್. ಗೂಡಲೂರಿನವನು; ನನ್ನ ಮೇಜಿನ ಮೇಲಿನ ಶೀಟು ನೋಡಿರಬೇಕು. ಅವನ ಕೈಯಲ್ಲಿ ಚಿಲ್ಲರೆ ಬೇಕಾದರೆ ನಿಂತೀತು, ಬಾಯಲ್ಲಿ ಗುಟ್ಟು ನಿಲ್ಲದು.

ಅವರು ಅರವಂಕಾಡಿನಾಚೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಬೆಳಗಿನ ತಿಂಡಿ ಮಾಡುತ್ತಿದ್ದರು. ಏಳೂಕಾಲಿಗೆ ಒಲೆ ಹತ್ತಿಸಿದರೆ ಮೊದಲ ಬೆಲ್ಲಿನೊಳಗೆ ಮಕ್ಕಳು ತಿಂದು ಕೈ ತೊಳೆಯುತ್ತವೆ. ಅಡುಗೆಮನೆಯ ಬೀಗದ ಕೈ ಇವರ ಬಳಿ. ಹಿಂದಿನ ತಿಂಗಳು ಬಸ್ಸು ಕೆಟ್ಟು ಎರಡು ದಿನ ತಡವಾಗಿತ್ತು. ಮೂರನೇ ಸಲ ತಡವಾದರೆ ಅಡುಗೆ ಬೇರೆಯವರಿಗೆ ಎಂದು ಶಾಲೆಯವರು ಬರೆಸಿಕೊಂಡು ಸಹಿ ಹಾಕಿಸಿಕೊಂಡಿದ್ದರು.

"ನಡೆದು ಹೋಗೋಕಾಗಲ್ವಾ ಅಕ್ಕ, ಹೆದ್ದಾರಿ ತನಕ?" ಎಂದೆ. ಕುರ್ಚಿಯಲ್ಲಿ ಕೂತವರು ಕೇಳುವ ಪ್ರಶ್ನೆ.

"ಹೋಗಬೋದು. ಕಾಟಿ ದಾರಿ ಬಿಟ್ರೆ ಹೋಗಬೋದು." ಆಮೇಲೆ, ಏನೋ ನೆನಪಾದಂತೆ, "ಎಲೆ ಕಿತ್ತು ಕಿತ್ತು ಬೆನ್ನು ಸೊಟ್ಟಗಾಯ್ತು ಸಾರ್. ಅಷ್ಟು ವರ್ಷದಲ್ಲಿ ಒಂದು ಟೀ ಗಿಡನಾದ್ರೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಈ ಮಕ್ಕಳು ಕರೀತಾವೆ. ಪೊಂಗಲ್ ಪಾಟಿ ಅಂತಾವೆ."

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅದನ್ನು ಹೇಳುವಾಗ ಅವರು ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಂಡರು, ಯಾರೋ ಫೋಟೋ ತೆಗೆಯಲು ಬಂದಿರುವ ಹಾಗೆ.

ನಾನು ಧೈರ್ಯವಂತನಲ್ಲ. ಆದರೆ ಹೆದರುವವನಿಗೆ ಒಂದು ಅನುಕೂಲವಿದೆ: ಮುಂದೆ ಕಾಡುವುದು ಯಾವುದೆಂದು ಮೊದಲೇ ಗೊತ್ತಾಗುತ್ತದೆ. ಆ ಸಂಜೆ ಮ್ಯಾನೇಜರ್ ಎದುರು, "ಟ್ರಿಪ್ಪು ಸಾಯೋದು ಬೇಡ ಸಾರ್, ಅರ್ಧ ಕೊಯ್ಯೋಣ" ಎಂದೆ. ಜನರಿಲ್ಲದ ಆಚೆ ಮಗ್ಗುಲನ್ನು ಬಿಟ್ಟುಬಿಡುವುದು. ಬಸ್ಸು ಹೆದ್ದಾರಿಯಲ್ಲೇ ಬಂದು, ಹಟ್ಟಿಯ ಬೆನ್ನಿನ ಕಡೆಯಿಂದ ಇಳಿದು, ಸ್ಟಾಪು ದಾಟಿ ಒಂದು ತಿರುವಿನಾಚೆ ಇರುವ ಎಲೆ ಶೆಡ್ಡಿನ ಅಂಗಳದಲ್ಲಿ ತಿರುಗಿ, ಆರು ಇಪ್ಪತ್ತೈದಕ್ಕೆ ಸ್ಟಾಪಿಗೆ ಮರಳುವುದು. ಉಳಿಯುವ ಹೊತ್ತಿನಲ್ಲಿ ಅದೇ ಬಸ್ಸು ಊಟಿಯಲ್ಲಿ ಇನ್ನೊಂದು ಸಣ್ಣ ಟ್ರಿಪ್ಪು ಮುಗಿಸಿ ಹೊರಡಬಹುದು.

ಮ್ಯಾನೇಜರ್ ನಕ್ಷೆಯನ್ನೂ ನನ್ನನ್ನೂ ನೋಡಿದರು. "ಸರಿ. ಆದರೆ ಒಂದು ವಾರದಲ್ಲಿ ಬಸ್ಸು ಲೇಟಾದರೆ, ಖಾಲಿ ಓಡಿದರೆ, ನಾನು ಕೇಳೋದಿಲ್ಲ. ತೆಗೀತೀನಿ."

ನಿಯಮದಂತೆ, ಬದಲಾಯಿಸುವ ಮೊದಲು ಹಳೇ ಟ್ರಿಪ್ಪಿನಲ್ಲಿ ಒಮ್ಮೆ ಖುದ್ದಾಗಿ ಪ್ರಯಾಣ ಮಾಡಿ ವರದಿ ಬರೆಯಬೇಕು. ಎರಡು ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು ಹತ್ತಿದೆ. ಡ್ರೈವರ್ ಬೊಕ್ಕಾಪುರಂ ಕಡೆಯ ಕನ್ನಡದವನು; ಆನೆಗಳ ನಡುವೆ ಬೆಳೆದವನಾದ್ದರಿಂದ ಮನುಷ್ಯರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

"ಸಾರ್, ಬಸ್ ಓಡ್ಸೋನು ನಾನು. ಜೀವ ಕೈಯಲ್ಲಿ ಹಿಡ್ಕೊಂಡಿರೋರು ಮಾತ್ರ ನೀವು."

"ನೀನು ರಸ್ತೆ ನೋಡಪ್ಪ."

"ಒಬ್ಬರಾದ್ರೂ ನೋಡ್ಬೇಕಲ್ಲ ಮತ್ತೆ."

ಆಚೆ ಮಗ್ಗುಲಿನ ಇಳಿಜಾರು ಶುರುವಾದಾಗ ನಾನು ಕಣ್ಣು ಮುಚ್ಚಿದ್ದೆ. ಕಂಡಕ್ಟರ್ ಹಿಂದಿನಿಂದ, "ಸಾರೇ, ಹಟ್ಟಿ ಲೈಟುಗಳು ಚೆಂದ ಕಾಣ್ತವೆ ನೋಡಿ, ಒಂದೊಂದೇ ಹತ್ಕೋತಾವೆ" ಎಂದ. ನನಗೆ ಹೊಟ್ಟೆಯೊಳಗಿದ್ದದ್ದು ಒಂದೊಂದೇ ಹತ್ತಿ ಬರುತ್ತಿತ್ತು. ನೋಡಲಿಲ್ಲ. ಸೇತುವೆಯ ತಿರುವಿನಲ್ಲಿ ಡ್ರೈವರ್ ಉದ್ದಕ್ಕೆ ಹಾರನ್ ಹೊಡೆದ. ಕಣಿವೆಯ ತುಂಬ ಆ ಸದ್ದು ಸುತ್ತಿ ಬಂತು.

"ಯಾಕಪ್ಪ ಅಷ್ಟುದ್ದ? ಎದುರಿಗೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ ಸಾರ್. ಹಳೇ ಡ್ರೈವರು ಇಲ್ಲಿ ಹೊಡೀತಿದ್ದ. ರೂಟು ಕೈಗೆ ಕೊಡುವಾಗ ಹೇಳಿಕೊಟ್ಟ. ನಾನೂ ಹೊಡೀತೀನಿ."

"ಯಾಕೆ ಅಂತ ಕೇಳ್ಲಿಲ್ವಾ?"

"ಸೇತುವೇಲಿ ಏನಾದ್ರೂ ಇರ್ಬೋದು ಸಾರ್. ದೆವ್ವ ಗಿವ್ವ."

ಬಸ್ಸು ಫ್ಯಾಕ್ಟರಿಯಲ್ಲಿ ನಿಂತಾಗ ಇಳಿದು, ಟಾರ್ಚ್ ಬೆಳಕಿನಲ್ಲಿ ಬರೆದುಕೊಂಡೆ: ಆಚೆ ಮಗ್ಗುಲು, ಹತ್ತಿದವರು ಇಲ್ಲ, ಇಳಿದವರು ಇಲ್ಲ, ಅನವಶ್ಯಕ ಹಾರನ್. ಇಳಿಜಾರಿನಲ್ಲಿ ಒಂದೇ ಒಂದು ಸಲ ಕಣ್ಣು ಬಿಟ್ಟಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ.

ನಂತರದ ಹತ್ತು ದಿನ ನಾನು ಎಷ್ಟು ಎಚ್ಚರದಿಂದ ಕೆಲಸ ಮಾಡಿದೆನೆಂದರೆ, ನೆನೆಸಿಕೊಂಡರೆ ಈಗ ನನಗೇ ಮರುಕವಾಗುತ್ತದೆ. ಎಲೆ ಶೆಡ್ಡಿನ ಗುಮಾಸ್ತರಿಂದ ಅಂಗಳ ಬಳಸಲು ಒಪ್ಪಿಗೆ ಪಡೆದೆ. ಬಸ್ಸಿನಷ್ಟೇ ಉದ್ದದ ಹಗ್ಗ ಹಿಡಿದು ನಾನೂ ಅವರೂ ಅಂಗಳದಲ್ಲಿ ಸುತ್ತಿದೆವು. ಚರಂಡಿಯಂಚಿಗೆ ಸುಣ್ಣ ಬಳಿದ ಕಲ್ಲುಗಳನ್ನು ಇಡಿಸಿದೆ. ಎಲೆ ಲಾರಿ ಆ ಹೊತ್ತಿಗೆ ಅಂಗಳದಲ್ಲಿ ನಿಲ್ಲದಂತೆ ಅದರ ಡ್ರೈವರನಿಗೆ ಹೇಳಿಸಿದೆ. ಮಧ್ಯಾಹ್ನ ಹಟ್ಟಿಯ ಜನ ತೋಟದಲ್ಲಿದ್ದಾಗ ಖಾಲಿ ಬಸ್ಸು ತರಿಸಿ ಮೂರು ಸಲ ತಿರುಗಿಸಿ ನೋಡಿದೆ. ಟಿಕೆಟ್ ಮಷಿನ್‌ಗೆ ಹೊಸ ಸ್ಟೇಜುಗಳನ್ನು ಏರಿಸಿ ಪರೀಕ್ಷಿಸಿದೆ. ಚಾಲಕ ಸಿಬ್ಬಂದಿಗೆ ಬರವಣಿಗೆಯಲ್ಲಿ ಸೂಚನೆ ಕೊಟ್ಟೆ: ಸಮಯಪಾಲನೆ ಕಟ್ಟುನಿಟ್ಟು, ಹಟ್ಟಿ ಸ್ಟಾಪಿನಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಪ್ರಾಣಿಗಳಿರುವ ಕಡೆ ಅನವಶ್ಯಕ ಹಾರನ್ ಬೇಡ.

ಹಟ್ಟಿಯ ಸ್ಟಾಪಿನ ಗೋಡೆಗೆ ನೋಟೀಸು ಅಂಟಿಸುವ ವಿಚಾರದಲ್ಲಿ ಬಹಳ ತಲೆ ಕೆಡಿಸಿಕೊಂಡೆ. ರೂಟು ಬದಲಾಗಿದೆ ಎಂದು ಬರೆದರೆ ಬಸ್ಸೇ ಹೋಯಿತೆಂದು ಜನ ಗಾಬರಿಯಾಗಬಹುದು. ಗಾಬರಿಯಾದರೆ ಊರ ಗೌಡರು ಬರಬಹುದು, ಮನವಿ ಪತ್ರ ಬರಬಹುದು, ಮ್ಯಾನೇಜರ್ ಟ್ರಿಪ್ಪನ್ನೇ ತೆಗೆದುಹಾಕಬಹುದು. ನಾಲ್ಕು ಸಲ ಬರೆದು ಹರಿದು, ಕೊನೆಗೆ ಒಂದೇ ಸಾಲು ಉಳಿಸಿದೆ: 'ಮೊದಲ ಬಸ್ಸು ಎಂದಿನಂತೆ ಬೆಳಿಗ್ಗೆ 6.25ಕ್ಕೆ. ಸಮಯದಲ್ಲಿ ಬದಲಾವಣೆ ಇಲ್ಲ.' ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಹೊಸ ಕ್ರಮ ಶುರುವಾಗುವ ಹಿಂದಿನ ದಿನ ಅಡುಗೆಯ ಅಕ್ಕನಿಗೆ ನಾನೇ ಫೋನ್ ಮಾಡಿದೆ.

"ಬಸ್ ಉಳೀತು ಅಕ್ಕ. ನಾಳೆಯಿಂದ ನಮ್ಮ ಕಡೆ ಸ್ವಲ್ಪ ವ್ಯವಸ್ಥೆ ಬೇರೆ. ನಿಮಗೇನೂ ಬದಲಾಗಿಲ್ಲ."

"ಏನೂ ಬದಲಾಗಿಲ್ವಾ?"

"ಏನೂ ಇಲ್ಲ. ಅದೇ ಸ್ಟಾಪು, ಅದೇ ಟೈಮು."

"ಟೈಮ್ ಕಟ್ಕೊಂಡು ಏನು ಸಾರ್. ಬಸ್ ಬಂದ್ರೆ ಸಾಕು." ಆಚೆ ಯಾರಿಗೋ, 'ಬಸ್ ಉಳೀತಂತೆ' ಎಂದು ಕೂಗಿದ್ದು ಕೇಳಿಸಿತು. "ನಮ್ಮನೇ ಕಾಫಿ ಬಾಕಿ ಆಯ್ತು ನಿಮಗೆ."

ಮೊದಲ ದಿನ ಬೆಳಿಗ್ಗೆ ಐದಕ್ಕೇ ನಾನು ಡಿಪೋದಲ್ಲಿದ್ದೆ. ನೋಟ್‌ಬುಕ್ಕು ತೆರೆದಿಟ್ಟು, ಪಕ್ಕದಲ್ಲಿ ಫೋನು ಇಟ್ಟುಕೊಂಡು, ಬಸ್ಸಿನಲ್ಲಿಲ್ಲದಿದ್ದರೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂತಿದ್ದೆ. ಆರು ನಲವತ್ತಕ್ಕೆ ಕಂಡಕ್ಟರ್ ಫೋನ್ ಮಾಡಿದ.

"ಸಾರೇ, ಒಂದೂ ಪ್ರಾಬ್ಲಂ ಇಲ್ಲ."

"ಚರಂಡಿ?"

"ಇಲ್ಲ."

"ಕಾಟಿ?"

"ಇಲ್ಲ ಸಾರೇ. ಆರು ಇಪ್ಪತ್ತೈದು ಅಂದ್ರೆ ಆರು ಇಪ್ಪತ್ತೈದು. ನಮ್ಮ ಡ್ರೈವರಣ್ಣ ಜೀವಮಾನದಲ್ಲಿ ಮೊದಲನೇ ಸಲ ಟೈಮಿಗೆ ಬಂದಿದ್ದಾನೆ. ಸಿಹಿ ಹಂಚಬೇಕು ಅಂತಿದ್ದಾನೆ."

ನಾನು ಉಸಿರು ಬಿಟ್ಟೆ. ಬಿಟ್ಟ ಮೇಲೆ ಕೇಳಿದೆ, "ಹಟ್ಟೀಲಿ ಎಷ್ಟು ಜನ ಹತ್ತಿದ್ರು?"

"ಯಾರೂ ಇಲ್ಲ ಸಾರೇ. ಎರಡು ನಿಮಿಷ ನೋಡೋಣ ಅಂದ ಡ್ರೈವರಣ್ಣ. ನೀವು ಒಂದೇ ನಿಮಿಷ ಅಂತ ಬರೆದು ಕೊಟ್ಟಿದ್ರಲ್ಲ."

ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡಿರಬೇಕು, ಅದಕ್ಕೇ ಯಾರೂ ಹೊರಟಿಲ್ಲ ಎಂದುಕೊಂಡೆ. ಅದೂ ನನಗೆ ಒಂದು ರೀತಿಯ ಸಮಾಧಾನವೆನಿಸಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಕ್ಕನ ನಂಬರಿಗೆ ಮಾಡಿದೆ, ಎತ್ತಲಿಲ್ಲ. ಮರುದಿನ ಏಳು ಜನ ಹತ್ತಿದರು. ಆಮೇಲೆ ದಿನವೂ ಏಳು, ಎಂಟು. ಬಸ್ಸು ದಿನವೂ ಟೈಮಿಗೆ. ವಾರ ಮುಗಿದಾಗ ಮ್ಯಾನೇಜರ್ ಟ್ರಿಪ್ ಶೀಟು ನೋಡಿ, ಮೊದಲ ದಿನದ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯದೆ, ತಲೆದೂಗಿದರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅವರು ತಲೆದೂಗಿದ್ದನ್ನು ನೋಡಿದ್ದು ಅದೇ ಮೊದಲು. "ಇದೇ ಥರ ಇನ್ನೂ ನಾಲ್ಕು ರೂಟು ಕೊಯ್ಯಿ" ಎಂದರು.

ಎರಡನೇ ವಾರ, ಬಾಕಿಯಿದ್ದ ಕಾಫಿ ಕುಡಿದು ಬರೋಣವೆಂದು ನಾನೇ ಆ ಬಸ್ಸು ಹತ್ತಿದೆ. ಎಲೆ ಶೆಡ್ಡಿನಲ್ಲಿ ಬಸ್ಸು ಚೆಂದವಾಗಿ ತಿರುಗಿತು. ಸ್ಟಾಪಿನಲ್ಲಿ ಎಂಟು ಜನ ನಿಂತಿದ್ದರು, ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರೂ ಅದರಲ್ಲಿ ಗಂಟೆ ನೋಡುತ್ತಿದ್ದರು. ಅವರಲ್ಲಿ ಮೆರೂನ್ ಸ್ವೆಟರ್ ಇರಲಿಲ್ಲ. ಮೊದಲು ಹತ್ತಿದ ಚಿಕ್ಕ ವಯಸ್ಸಿನ ಹೆಂಗಸಿನ ಬೆರಳಿನಲ್ಲಿ ದೊಡ್ಡ ಬೀಗದ ಕೈ ಇತ್ತು.

"ಶಾಲೆ ಅಡುಗೇದಾ?" ಎಂದು ಕೇಳಿದೆ.

"ಹೌದು ಸಾರ್. ಈಗ ನಾನು." ಅವಳು ದನಿ ತಗ್ಗಿಸಿದಳು. "ಅವರು ಒಂದಿನ ಲೇಟಾಗಿಬಿಟ್ರು. ಅವತ್ತು ಮಕ್ಕಳಿಗೆ ತಿಂಡಿ ಆಗ್ಲಿಲ್ಲ."

ಹೊರಟಿದ್ದ ಬಸ್ಸಿನಿಂದ ಇಳಿದೆ. ಮೆಟ್ಟಿಲು ಹತ್ತಿದೆ. ಕಾಲು ಗಂಟೆ ಇಳಿಯುವವರಿಗೆ. ನನಗೆ ಅರ್ಧ ಗಂಟೆ ಹಿಡಿಯಿತು. ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಎಲೆ ಕೀಳಲು ಹೋಗುವ ವೇಷದಲ್ಲಿ ಕೂತಿದ್ದರು, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು.

"ಬನ್ನಿ ಸಾರ್" ಎಂದು ಎದ್ದರು. ಬೈಯಲಿಲ್ಲ. ಒಳಗೆ ಹೋಗಿ ಕಾಫಿ ತಂದರು.

"ಅವತ್ತು ಏನಾಯ್ತಕ್ಕ? ಎದ್ದಿರ್ಲಿಲ್ವಾ?"

"ನಾಲ್ಕೂವರೆಗೇ ಎದ್ದಿದ್ದೆ. ಚಪ್ಪಲಿ ಹಾಕ್ಕೊಂಡು ಇಲ್ಲೇ ನಿಂತಿದ್ದೆ. ನಾವೆಲ್ಲ ನಿಂತಿದ್ವಿ, ಅವರವರ ಬಾಗ್ಲಲ್ಲಿ." ಗದ್ದದಿಂದ ಕಣಿವೆಯ ಆಚೆ ಮಗ್ಗುಲನ್ನು ತೋರಿಸಿದರು. ಅಲ್ಲಿ ನಮ್ಮ ಹಳೇ ರಸ್ತೆ ಬರಿದಾಗಿ, ಟೀ ಗಿಡಗಳ ನಡುವೆ ಒಂದು ಗೀರಿನಂತೆ ಕಾಣುತ್ತಿತ್ತು. "ಅಲ್ಲಿ ಬಸ್ಸಿನ ಲೈಟು ಕಾಣ್ಬೇಕು. ಆಗ ಮನೇಲಿ ಲೈಟ್ ಹಾಕಿ ಮಲಗಿರೋರನ್ನ ಎಬ್ಬಿಸೋದು. ಸೇತುವೆ ತಿರುವಲ್ಲಿ ಹಾರನ್ ಹೊಡೀತಾನೆ. ಹಾರನ್ ಕೇಳಿದ್ಮೇಲೆ ಮೆಟ್ಟಿಲು ಇಳಿಯೋದು. ನಮ್ಮತ್ತೆ ಕಾಲದಿಂದ ಹಂಗೇ."

"ನೋಟೀಸಲ್ಲಿ ಟೈಮ್ ಹಾಕಿದ್ದೆ…"

"ನಿಮ್ಮ ಆರು ಇಪ್ಪತ್ತೈದು ಯಾವತ್ತು ಆರು ಇಪ್ಪತ್ತೈದಾಗಿತ್ತು ಸಾರ್? ಒಂದಿನ ಆರೂವರೆ, ಒಂದಿನ ಮುಕ್ಕಾಲು. ಕತ್ತಲಲ್ಲಿ ಕೆಳಗೆ ಕಾಟಿ ಜೊತೆ ಮಾತಾಡ್ತಾ ನಿಂತ್ಕೊಳೋಕಾಗುತ್ತಾ?" ಅವರು ನಕ್ಕರು. "ಅವತ್ತು ಕೆಳಗೆ ಏನೋ ಸದ್ದು ಕೇಳ್ತು. ಎಲೆ ಲಾರಿ ಬಂತು ಅಂದ್ಕೊಂಡ್ವಿ. ಮತ್ತೆ ಕೇಳ್ತು. ಲಾರಿ ವಾಪಸ್ ಹೋಯ್ತು ಅಂದ್ಕೊಂಡ್ವಿ. ಏಳು ಗಂಟೆ ತನಕ ಆಚೆ ಮಗ್ಗುಲು ನೋಡ್ತಾನೇ ಇದ್ವಿ. ನೀವೇ ಹೇಳಿದ್ರಲ್ಲ, ಏನೂ ಬದಲಾಗಿಲ್ಲ ಅಂತ."

ಕಾಫಿ ಆರುತ್ತಿತ್ತು. ಚಕ್ರ ಚರಂಡಿಗೆ ಇಳಿದಿರಲಿಲ್ಲ. ದಿಬ್ಬ ಜರುಗಿರಲಿಲ್ಲ, ಮರ ಬಿದ್ದಿರಲಿಲ್ಲ, ಇಂಜಿನ್ ಕೆಟ್ಟಿರಲಿಲ್ಲ. ಎಡ ಪುಟದಲ್ಲಿ ಬರೆದಿದ್ದರಲ್ಲಿ ಯಾವುದಾದರೂ ಒಂದು ಆಗಿದ್ದಿದ್ದರೆ ಶಾಲೆಯವರಿಗೆ ತೋರಿಸಲು ಇವರಿಗೊಂದು ಕಾರಣವಿರುತ್ತಿತ್ತು.

"ನಾನು ಶಾಲೆಗೆ ಬಂದು ಹೇಳ್ತೀನಕ್ಕ" ಎಂದೆ. "ತಪ್ಪು ನಮ್ಮದು ಅಂತ."

ಅವರು ಬುಟ್ಟಿಯನ್ನು ಬೆನ್ನಿಗೆ ಏರಿಸಿಕೊಂಡು, ಪಟ್ಟಿ ಸರಿಮಾಡಿಕೊಂಡರು.

"ಏನಂತ ಹೇಳ್ತೀರಿ ಸಾರ್? ಬಸ್ಸು ಟೈಮಿಗೆ ಬಂತು ಅಂತಲಾ?"